ಒಂದು ತಲೆ ಕಮ್ಮಿ

ಶಾಲೆಗಳ ಗ್ರೂಪ್ ಫೋಟೋ ತೆಗೆಯುವ ಈ ಫೋಟೋದವರು ಕ್ಯಾಮೆರಾ ಬಿಚ್ಚುವ ಮೊದಲೇ ತಲೆ ಎಣಿಸುತ್ತಾರೆ. ಸಾಲುಗಳು ಸಮ ಇರದಿದ್ದರೆ ಅವರ ಗಂಟಲಲ್ಲಿ ಅನ್ನ ಇಳಿಯದು. ಹೆಂಡತಿ ಒಣಹಾಕಿದ ಬಟ್ಟೆಯನ್ನೂ ಸಾಲು ನೋಡಿ ತಿದ್ದುವ ಆಸಾಮಿ. ಇಪ್ಪತ್ತೆಂಟು ಮಕ್ಕಳಿದ್ದರೆ ನಾಲ್ಕು ಸಾಲು, ಏಳೇಳು ಮಂದಿ, ಮುಖ ಅರಳುತ್ತದೆ. ಇಪ್ಪತ್ತಮೂರೋ ಮೂವತ್ತೊಂದೋ ಬಂತೆಂದರೆ ಹಣೆ ಚಚ್ಚಿಕೊಳ್ಳುತ್ತಾರೆ: "ಅವಿಭಾಜ್ಯ ಕಣ್ರೀ! ಯಾವ ಮಗ್ಗಿಗೂ ಬಗ್ಗದ ಮೊಂಡು ಸಂಖ್ಯೆ!" ಊರ ಶಾಲೆಯಲ್ಲಾದರೆ ಆಮೇಲೆ ಅಲ್ಲಿ ಅಂಗಳ ಗುಡಿಸುವ ಆಯಮ್ಮನನ್ನು ಕೂಗುತ್ತಾರೆ: "ಅಕ್ಕಾ, ಪೊರಕೆ ಇಟ್ಟು ಬನ್ನಿ, ಒಂದು ತಲೆ ಕಮ್ಮಿ." ಆಯಮ್ಮ ಕೂದಲು ಸವರಿಕೊಂಡು ಹಿಂದಿನ ಸಾಲಿನ ತುದಿಗೆ ನಿಲ್ಲುತ್ತಾರೆ, ಲೆಕ್ಕ ಸರಿಹೋಗುತ್ತದೆ. ಹೀಗೇ ವರ್ಷಗಳು ಕಳೆದವು. ಆಯಮ್ಮ ಕೆಲಸ ಬಿಡುವ ವರ್ಷ ಮಕ್ಕಳು ಮೂವತ್ತಾರು. ನಾಲ್ಕು ಸಾಲಿಗೆ ಒಂಬತ್ತೊಂಬತ್ತು, ಒಂದಿಷ್ಟೂ ಕೊಂಕಿಲ್ಲ. ಆಯಮ್ಮನೂ ದೂರದಿಂದಲೇ ಎಣಿಸಿದ್ದರು. "ಈ ಸಲ ಸರಿಹೋಯ್ತಲ್ಲ ಸಾರ್, ನಾನು ಬೇಡ" ಎಂದು ಪೊರಕೆ ಎತ್ತಿಕೊಂಡರು. ಫೋಟೋದವರು ಮತ್ತೊಮ್ಮೆ ಬೆರಳಾಡಿಸಿ ಎಣಿಸಿದರು. "ಎಲ್ಲಿ ಸರಿಹೋಯ್ತಕ್ಕಾ? ಒಂದು ತಲೆ ಕಮ್ಮಿ, ಬನ್ನಿ" ಎಂದು ಮುಂದಿನ ಸಾಲಿನ ನಟ್ಟನಡುವೆ ಕುರ್ಚಿ ಹಾಕಿಸಿದರು. ಮೂವತ್ತೇಳು ಮಂದಿಯ, ಸಾಲು ಸಮವಿಲ್ಲದ ಆ ಫೋಟೋ ಒಂದೇ ಅವರ ಅಂಗಡಿಯ ಗೋಡೆಯ ಮೇಲಿದೆ. ಯಾರಾದರೂ ಕೊಂಕು ತೆಗೆದರೆ, "ಸರಿಯಾಗಿ ಎಣಿಸಿ ನೋಡಿ" ಎನ್ನುತ್ತಾರೆ.