ಸೋಮವಾರ ಬಂದ ಸಾಣೆಕಲ್ಲು

ಅಜ್ಜನ ದಾಡಿ ಕತ್ತಿ ಮಸೆಯಲೆಂದು, ಗೋಕಾಕದ ಸೈಬರ್ ಕೆಫೆಯಲ್ಲಿ ಕೂತು, ಆನ್‌ಲೈನ್ ಹರಾಜಿನಲ್ಲಿ ಬೆಲ್ಜಿಯಂನ ಹಳೆಯ ಸಾಣೆಕಲ್ಲೊಂದನ್ನು ಹಿಡಿದಿದ್ದೆ. ಅರಭಾವಿಯ ನಮ್ಮ ಮನೆಗೆ ಪಾರ್ಸಲ್ ತಂದ ಪೋಸ್ಟಮನ್ ಕಾಕಾ ಒಳಗೇನಿದೆ ಎಂದು ಕೇಳಿ ತಿಳಿದು, "ಗೋಕಾಕ ಸೀಮ್ಯಾಗ ಕಲ್ಲು ಕಡಿಮಿ ಬಿದ್ದಾವೇನ್ರಿ ಸರ?" ಅಂದರು.

ಕಲ್ಲಿಗೆ ನೀರು ಹಾಕಿ ಕತ್ತಿ ಮಸೆದು, ಅವರನ್ನೇ ಕಟ್ಟೆಯ ಮೇಲೆ ಕೂರಿಸಿ ದಾಡಿ ಮಾಡಿದೆ. ಕಾಕಾ ಗಲ್ಲ ಸವರಿಕೊಳ್ಳುತ್ತ ಸೈಕಲ್ ಹತ್ತಿದರು.

ಅದೇ ಹರಾಜಿನಲ್ಲಿ ಮತ್ತೆ ಹಿಡಿದ ಎರಡನೆಯ ಕಲ್ಲು ಬರುವುದು ತಡವಾಯಿತು. ದಾರಿಯಲ್ಲೇ ಕಳೆಯಿತೆಂದು ನಾನು ಚಡಪಡಿಸುತ್ತಿದ್ದಾಗ, ಒಂದು ಮಂಗಳವಾರ ಕಾಕಾ ಕುರುಚಲು ದಾಡಿಯಲ್ಲಿ ಬಂದರು.

"ನಿನ್ನೇನ ಬಂದಿತ್ರಿ. ಸೋಮವಾರ ದೇವರ ವಾರ, ನಾವು ದಾಡಿ ಮಾಡಸಂಗಿಲ್ಲ," ಎಂದು ಕಟ್ಟೆಯ ಮೇಲೆ ಕೂತರು.

ಗಲ್ಲ ನುಣ್ಣಗಾಗುವವರೆಗೆ ಪಾರ್ಸಲ್ ಅವರ ಚೀಲ ಬಿಟ್ಟು ಹೊರಗೆ ಬರಲಿಲ್ಲ.