ಅಣಬೆಯ ಗುಟ್ಟು ಬಿಟ್ಟುಕೊಟ್ಟ ಫೋಟೊ

ಬೆಳಗ್ಗೆ ಕುಕ್ಕೆ ಹಿಡಿದು ಅಣಬೆ ಏಳುವ ಹುತ್ತದ ಹತ್ತಿರ ಹೋದರೆ, ನನಗಿಂತ ಮೊದಲೇ ನಾದಿನಿ ಅಲ್ಲಿ ಕುಳಿತು ಕೀಳುತ್ತಿದ್ದಳು. ಹಿರೇನಲ್ಲೂರಿನ ನಮ್ಮ ಹೊಲದಾಚೆಯ ಆ ಜಾಗವನ್ನು ಅತ್ತೆ, ಬೇರೆ ಮನೆ ಸೇರುವವಳೆಂದು ಹೆತ್ತ ಮಗಳಿಗೂ ಹೇಳದೆ, ಸೊಸೆಯಾದ ನನಗೆ ಮಾತ್ರ ತೋರಿಸಿದ್ದರು.

“ಯಾರೇ ಹೇಳಿದ್ದು ನಿಂಗೆ?” ಎಂದೆ.

“ನೀವೇ ಅತ್ಗೆ. ನಿನ್ನೆ ಫೋಟೊ ಕಳಿಸಿದ್ರಲ್ಲ, ಅದ್ರೊಳಗೇ ಮ್ಯಾಪ್ ಇತ್ತು.”

ಹಿಂದಿನ ದಿನ ಅಣಬೆ ಇನ್ನೂ ಮೊಗ್ಗಾಗಿತ್ತು. ಬಿರಿಯಲಿ ಎಂದು ಬಿಟ್ಟು, ಅವಳ ಹೊಟ್ಟೆ ಉರಿಸಲೆಂದೇ ಫೋಟೊ ಕಳಿಸಿದ್ದೆ. ಮಸುಕಾಗದಿರಲಿ ಎಂದು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದ್ದರಿಂದ, ತೆಗೆದ ಜಾಗದ ವಿವರವೂ ಫೋಟೊದ ಜೊತೆಗೇ ಹೋಗಿತ್ತು.

ಕ್ಯಾಮೆರಾದ ಲೊಕೇಶನ್ ಆಫ್ ಮಾಡುವುದನ್ನು ಅವಳಿಂದಲೇ ಕಲಿತೆ. ಮುಂದಿನ ಮಳೆಗೆ ಬೇಕೆಂದೇ ಆನ್ ಮಾಡಿದೆ. ಅವಳಿಲ್ಲದ ಹೊತ್ತಿನಲ್ಲಿ ದೇವನೂರಿನ ಅವಳ ಮನೆಗೆ ಹೋಗಿ, ಹಿತ್ತಿಲ ತಿಪ್ಪೆಯ ಮೇಲೆ ನಾಲ್ಕು ಅಣಬೆ ನೆಟ್ಟು ಫೋಟೊ ತೆಗೆದು, ಅಣಬೆ ಕಿತ್ತುಕೊಂಡು ಬಂದೆ. ಸಂಜೆ ಫೋಟೊವನ್ನು ಮತ್ತೆ ಡಾಕ್ಯುಮೆಂಟ್ ಮಾಡಿಯೇ ಕಳಿಸಿದೆ.

ಮರುದಿನ ಅವಳ ಅತ್ತೆ ಫೋನ್ ಮಾಡಿದ್ದರು. “ಅದೇನು ಹುಡುಕ್ತಾಳೋ, ತಿಪ್ಪೆನ ಎರಡು ಸಲ ತಿರುವಿ ಹಾಕಿದ್ಲು. ಗೊಬ್ಬರ ಮಾತ್ರ ಒಳ್ಳೆ ಹದವಾಯ್ತು ಕಣಮ್ಮ.”