ಐತವಾರ ಬರ್ತೀನಿ ಅಂದವರು

ಬಸವಂತನಿಗೆ ಭುಸಾವಳದಲ್ಲಿ ಎರಡು ತಿಂಗಳ ರೈಲ್ವೆ ತರಬೇತಿ ಎಂದು ಆದೇಶ ಬಂದ ದಿನದಿಂದ ಅವನ ಹೆಂಡತಿ ವನಜಾಕ್ಷಿ ಕೂತಲ್ಲಿ ಕೂರಲಿಲ್ಲ. ಊರಂಚಿನ ಹಿಂಗಣಾದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ತಪಾಸಣೆ ಅವಳ ಕೆಲಸ. ಆ ವಾರ ನೋಡಿದ ಪೆಟ್ಟಿಗೆಯನ್ನೇ ಮತ್ತೆ ಮತ್ತೆ ನೋಡಿದಳು. ಮನೆಗೆ ಬಂದವಳೇ ಗಂಡನ ಬಟ್ಟೆಗಳನ್ನು ಬ್ಯಾಗಿಗೆ ತುರುಕತೊಡಗಿದಳು.

"ಇನ್ನೂ ಆರ್ ದಿನ ಐತಿ. ಇಷ್ಟ್ ಜಲ್ದಿ ಯಾಕ?" ಎಂದ ಬಸವಂತ.

"ಹೋಗೂದು ಐತೆಲ್ಲ, ಇವತ್ತೇ ಹೋಗ್ರಿ."

ಮದುವೆಯಾದ ಐದು ವರ್ಷಗಳಲ್ಲಿ ಇದು ಅವನಿಗೆ ಹೊಸದಲ್ಲ. ಡ್ಯೂಟಿಯಿಂದ ಅರ್ಧ ಗಂಟೆ ತಡವಾದರೆ ಹತ್ತು ಸಲ ಫೋನ್ ಮಾಡುವಳು. ಬಂದ ಮೇಲೆ ಮಾತೇ ಬಿಡುವಳು. ಅನುಮಾನವೆಂದುಕೊಂಡು ಅವನೂ ರೇಗಿದ್ದುಂಟು. ಈ ಸಲ ಬ್ಯಾಗನ್ನು ಅತ್ತ ಸರಿಸಿ ಎದುರು ಕೂತ. "ನಾ ಏನ್ ಮಾಡೀನಿ, ಹೇಳು."

ಕೈಯಲ್ಲಿದ್ದ ಅವನ ಅಂಗಿ ಮಡಚುತ್ತ ಹೇಳಿದಳು. ಅವ್ವ ತೀರಿಕೊಂಡಾಗ ಅವಳಿಗೆ ಏಳು ವರ್ಷ. ಅಪ್ಪ ಗದಗಿನಲ್ಲಿದ್ದ ತನ್ನ ತಂಗಿಯ ಮನೆಗೆ ಅವಳನ್ನು ಕರೆದೊಯ್ದು ಬಿಟ್ಟು, "ಐತವಾರ ಬರ್ತೀನವ್ವ" ಎಂದು ಬಸ್ಸು ಹತ್ತಿದ. ಪ್ರತಿ ಭಾನುವಾರ ಹುಡುಗಿ ತಲೆ ಬಾಚಿಕೊಂಡು ಕಾದಳು. ಅತ್ತೆಯ ಮನೆಯಿಂದ ದೊಡ್ಡಪ್ಪನ ಮನೆ, ಅಲ್ಲಿಂದ ಹಾಸ್ಟೆಲು. ಅಪ್ಪ ಬಂದದ್ದು ನಾಲ್ಕು ವರ್ಷದ ಮೇಲೆ, ಹೊಸ ಹೆಂಡತಿಯೊಂದಿಗೆ. ಅಷ್ಟರಲ್ಲಿ ಅವಳಿಗೆ ಕಾಯುವುದು ಸಾಕಾಗಿತ್ತು. ಯಾರಾದರೂ ಹೊರಟರೆಂದರೆ ತಾನೇ ಮೊದಲು ಮುಖ ತಿರುಗಿಸುವಳು.

"ನೀವು ಅಪ್ಪನಂಗಲ್ಲ, ತಿಳೀತೈತಿ. ಆದ್ರೂ ನಾನೇ ಮೊದ್ಲು ಕಳಿಸಿಬಿಡಬೇಕು ಅನಸ್ತೈತ್ರಿ."

ಬಸವಂತನಿಗೆ ದೊಡ್ಡ ಮಾತು ಬಾರದು. "ಎರಡು ವಾರಕ್ಕೊಮ್ಮೆ ಬರ್ತೀನಿ. ಬರೋಬರ್ ಟೈಮಿಗೆ ಬರ್ತೀನಿ ಅಂತ ಹೇಳಾಂಗಿಲ್ಲ. ತಡ ಆದ್ರ ಫೋನ್ ಮಾಡ್ತೀನಿ" ಎಂದ.

ಭುಸಾವಳದಿಂದ ಮೊದಲ ಸಲ ಮನೆಗೆ ಬರುವಾಗಲೇ ರೈಲು ಮೂರು ತಾಸು ತಡ. ದಾರಿಯ ಬಡನೇರಾ ಸ್ಟೇಷನ್ನಿನಿಂದ ಅವನು ಫೋನ್ ಮಾಡಿದ. ಆದರೂ ವನಜಾಕ್ಷಿ ಅಜನಿಯ ತಮ್ಮ ರೈಲ್ವೆ ಕ್ವಾರ್ಟರ್ಸಿಗೆ ಬೀಗ ಜಡಿದು, ಎಲ್ಲಿಗೆಂದು ತಿಳಿಯದೆ ಊರ ಹೊರಗಿನ ಉಮರೇಡ್ ರಸ್ತೆಯಲ್ಲಿ ಸ್ಕೂಟಿ ಓಡಿಸಿದಳು. ಬಿಸಿಲು ಸುಡುತ್ತಿತ್ತು. ಪೆಟ್ರೋಲ್ ಬಂಕಿನ ನೆರಳಿಗೆ ನಿಂತಾಗ ಮತ್ತೆ ಅವನ ಫೋನು: "ವರ್ಧಾ ಬಿಡ್ತು." ಸ್ವಲ್ಪ ಹೊತ್ತು ಅಲ್ಲೇ ನಿಂತು, ಗಾಡಿಯನ್ನು ಮನೆಯ ಕಡೆ ತಿರುಗಿಸಿದಳು.

ಅವನು ಬಂದ ಕೂಡಲೇ ಜಗಳ ತೆಗೆದಳು. ಜಗಳವಾಡುತ್ತಲೇ ರೊಟ್ಟಿ ಬಡಿದು ಬಡಿಸಿದಳು. ಸಂಜೆಯ ರೈಲಿಗೆ ಅವನು ಚಪ್ಪಲಿ ಮೆಟ್ಟುವಾಗ, "ತಡೀರಿ, ನಾನೂ ಬರ್ತೀನಿ" ಎಂದಳು.

ಈವರೆಗೆ ಅವಳು ಯಾರನ್ನೂ ಕಳಿಸಲು ಸ್ಟೇಷನ್ನಿಗೆ ಹೋದವಳಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕಾಲು ಬದಲಿಸುತ್ತ, ದುಪಟ್ಟಾದ ಅಂಚು ಸುತ್ತುತ್ತ ನಿಂತಳು. ರೈಲು ಹೊರಟಾಗ ಮುಖ ತಿರುಗಿಸದೆ, ಕೊನೆಯ ಬೋಗಿ ದಾಟುವವರೆಗೂ ನೋಡಿದಳು.